ದವಡೆಯಲ್ಲಿದ್ದ ಹೆಸರು

ನೀವೂ ಗಮನಿಸಿರಬಹುದು, ಹಲ್ಲು ಕೀಳಿಸಿಕೊಂಡ ಮೇಲೆ ಬಾಯಲ್ಲಿ ಉಳಿದ ಅಷ್ಟೂ ಹಲ್ಲುಗಳ ಕಡೆ ಲಕ್ಷ್ಯವಿಲ್ಲದ ನಾಲಿಗೆ, ಇಲ್ಲದ ಒಂದನ್ನೇ ಹುಡುಕಿಕೊಂಡು ಹೋಗುತ್ತದೆ. ಕಾರವಾರದಲ್ಲಿ ದವಡೆಹಲ್ಲೊಂದನ್ನು ಒಪ್ಪಿಸಿ ಬಸ್ಸಿನಲ್ಲಿ ಅವರ್ಸಾಕ್ಕೆ ಮರಳುವಾಗ ನನ್ನ ನಾಲಿಗೆಯೂ ಅದೇ ವ್ಯರ್ಥ ಪರಿಕ್ರಮದಲ್ಲಿತ್ತು. ನನಗೆ ಮಾತ್ರ ಮಂಜಗುಣಿಯ ಗಣಪುವಿನ ದವಡೆ ನೆನಪಾಯಿತು. ಗಣಪುವಿನದೆಂದರೆ ಅವನ ಮುಖದ್ದಲ್ಲ, ಅವನ ಬಲೆಗೆ ಸಿಕ್ಕಿದ್ದು.

ಗಣಪು ನನ್ನ ಹಳೆಯ ವಿದ್ಯಾರ್ಥಿ, ಈಗ ಮೀನುಗಾರ. ಹೊಸ ದೋಣಿಯಲ್ಲಿ ಮೊದಲ ಸಲ ಬಲೆ ಎಳೆದ ದಿನ ಮೀನಿನ ಜೊತೆ ಬಂದದ್ದು ಕಲ್ಲಾಗಿ ಹೋದ ಒಂದು ಕೆಳದವಡೆ. ಅದರಲ್ಲಿ ಸುಣ್ಣದ ಪದರ ಹೊದ್ದ ಒಂದೇ ಹಲ್ಲು. ಜೀವಶಾಸ್ತ್ರ ಕಲಿಸಿ ನಿವೃತ್ತನಾದ ನನ್ನೆದುರು ಅದನ್ನಿಟ್ಟು, "ಯಾವ ಪ್ರಾಣಿದು ಹೇಳ್ರಾ ಮಾಸ್ತರ್ರೆ. ಸಮುದ್ರ ಮೊದ್ಲು ಕೊಟ್ಟಿದ್ದು ಇದು. ಇದರ ಹೆಸರೇ ದೋಣಿಗೆ ಇಡ್ತೆ" ಎಂದ. ಆಹಾ, ಶಾಲೆಯಲ್ಲಿದ್ದಾಗ ಯಾರೂ ನನ್ನನ್ನು ಅಷ್ಟು ಆಸೆಯಿಂದ ಪ್ರಶ್ನೆ ಕೇಳಿರಲಿಲ್ಲ! ಕನ್ನಡಿಯ ಮುಂದೆ ನಿಂತು ನನ್ನ ದವಡೆಗೂ ಅದಕ್ಕೂ ತಾಳೆ ನೋಡಿ, ಅದು ನನ್ನ ಜಾತಿಯದಲ್ಲವೆಂಬ ಮಹತ್ತರ ಸಂಶೋಧನೆಯನ್ನಷ್ಟೇ ಮಾಡಿದೆ. ಹಳೆಯ ಎಲುಬುಗಳನ್ನೇ ಓದಿಕೊಂಡ ಮಿತ್ರರೊಬ್ಬರಿಗೆ ಫೋಟೋ ಕಳಿಸಿದಾಗ ಅವರೆಂದರು: ಗೊರಸಿನ ಪ್ರಾಣಿಯೆಂಬುದು ಖಂಡಿತ, ಕಡವೆಯೋ, ಕಾಡುಕೋಣವೋ, ಈಗ ಭೂಮಿಯ ಮೇಲೆಯೇ ಇಲ್ಲದ ಬೇರೊಂದೋ ಎಂಬುದನ್ನು ಆ ಹಲ್ಲಿನ ಮೇಲೆ ಉಬ್ಬಿದ ಏಣುಗಳೇ ಹೇಳಬೇಕು, ಪದರವನ್ನು ಸೂಜಿಯಿಂದ ನಿಧಾನವಾಗಿ ಬಿಡಿಸಿ.

ತಾನೇ ಬಿಡಿಸುತ್ತೇನೆಂದು ಗಣಪು ಒಯ್ದ. ಅಲ್ಲಿಯವರೆಗೆ ಕಂಡಾಗಲೆಲ್ಲ "ಹೆಸರು ಸಿಕ್ತಾ?" ಎನ್ನುತ್ತಿದ್ದವನಿಗೆ ತಾಳ್ಮೆ ಎಲ್ಲಿಂದ ಬರಬೇಕು? ಬಣ್ಣದವನು ಮರುದಿನವೇ ದೋಣಿಗೆ ಹೆಸರು ಬರೆಯಲು ಬರುವವನಿದ್ದ. ಹಿತ್ತಾಳೆಯ ದೀಪಗಳನ್ನು ಫಳಫಳ ಮಾಡುವ ಮುರುಗಲು ಸಿಪ್ಪೆಯ ಹುಳಿನೀರು ಮನೆಯಲ್ಲಿ ಇದ್ದೇ ಇತ್ತಲ್ಲ, ದವಡೆಯನ್ನು ಅದರಲ್ಲೇ ಹಾಕಿ ಕುದಿಸಿ, ಹಾಗೆಯೇ ನೆನೆಯಲು ಬಿಟ್ಟ. ಹುಳಿಗೆ ಸುಣ್ಣವೂ ಒಂದೇ, ಹಲ್ಲೂ ಒಂದೇ. ಬೆಳಿಗ್ಗೆ ಹಲ್ಲಿನ ಜಾಗದಲ್ಲಿ ಉಳಿದದ್ದು ಚೀಪಿ ಬಿಟ್ಟ ಪೆಪ್ಪರಮಿಂಟಿನಂಥ ಒಂದು ತುಣುಕು, ಏಣಿಲ್ಲ, ಗೆರೆಯಿಲ್ಲ.

"ಚೊಕ್ಕ ಮಾಡೂಕೆ ಹೋಗಿ ಹೆಸರೇ ತೊಳ್ದ್ ಹಾಕ್ದೆ ಮಾಸ್ತರ್ರೆ" ಎಂದು ಅವನು ನಮ್ಮ ಜಗಲಿಯ ಮೇಲೆ ಕುಸಿದು ಕೂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ಕಡವೆ ಅಂತಲೇ ಬರೆಸು ಮಾರಾಯಾ, ಯಾರು ಕೇಳ್ತಾರೆ?" ಎಂದೆ. "ಅದರದ್ದಲ್ಲದ ಹೆಸರು ಬೇಡ್ರಾ" ಎಂದು ತಲೆಯಲ್ಲಾಡಿಸಿದ.

ಈಗ ನನ್ನ ಕೆನ್ನೆಯ ಬಾವು ಇಳಿದಿದೆ. ನಾಲಿಗೆಯೂ ಆ ಸಂದನ್ನು ಮರೆಯತೊಡಗಿದೆ. ಆದರೆ ಮಂಜಗುಣಿಗೆ ಹೋದಾಗ, ದಡದ ದೋಣಿಗಳ ಮೇಲಿನ ಅಷ್ಟೂ ದೇವರ ಹೆಸರುಗಳನ್ನು ಬಿಟ್ಟು ನನ್ನ ಕಣ್ಣು ಹೋಗುವುದು ಗಣಪುವಿನ ದೋಣಿಯ ನಂಬರಿನ ಪಕ್ಕ ಖಾಲಿ ಉಳಿದ ನೀಲಿ ಪಟ್ಟಿಗೇ. ಗಣಪು ಬಂಗಡೆಯ ಮಾತಾಡುತ್ತಾನೆ, ಮಳೆಯ ಮಾತಾಡುತ್ತಾನೆ, ಹಲ್ಲು ಕೀಳಿಸಿದ್ದು ನೋವಾಯಿತೇ ಎಂದೂ ವಿಚಾರಿಸುತ್ತಾನೆ. ಹೆಸರು ಸಿಕ್ಕಿತೇ ಎಂದು ಮಾತ್ರ ಕೇಳುವುದಿಲ್ಲ.