ನನ್ನ ಪಾದದ ಅಧಿಕಾರವನ್ನು ಮೇಜಿಗೆ ವರ್ಗಾಯಿಸಿದ ಬಗ್ಗೆ

ಮಾನ್ಯ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಎಂಬತ್ತರ ದಶಕದ ಆರಂಭದಲ್ಲಿ ನಾನು ಹೊನ್ನಾವರದ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದೆ. ಕಚೇರಿಯ ಪತ್ರಗಳನ್ನಲ್ಲದೆ ಬೇರೇನನ್ನೂ ಬರೆದು ರೂಢಿಯಿಲ್ಲವಾದ್ದರಿಂದ ತಪ್ಪುಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರಿಕೆ. ಕೋಪಕ್ಕೆ ಮಾತ್ರ ಕ್ಷಮೆ ಕೋರುವುದಿಲ್ಲ.

ಸದರಿ ಗಿಟಾರಿಗಾಗಿ ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಯೊಂದರಿಂದ ವಾ-ವಾ ಪೆಡಲ್ ತಂದಿದ್ದೆ. ಚಪ್ಪಲಿಯಷ್ಟು ಉದ್ದದ ಲೋಹದ ಪೆಟ್ಟಿಗೆ. ಅದರ ಮೇಲಿನ ಪಟ್ಟಿಯನ್ನು ಪಾದದಿಂದ ಹಿಂದೆ ಮುಂದೆ ಒತ್ತಿದರೆ ತಂತಿಯ ಸ್ವರವು ಬಾಯಿ ತೆರೆದು ಮುಚ್ಚಿದಂತೆ ಕೇಳುತ್ತಿತ್ತು. ಅಳಿಸಬೇಕಾದಲ್ಲಿ ಅಳಿಸುತ್ತಿದ್ದೆ, ಕೆಣಕಬೇಕಾದಲ್ಲಿ ಕೆಣಕುತ್ತಿದ್ದೆ. ಹಾಡುವ ಗಂಟಲು ನನಗಿರಲಿಲ್ಲ. ಇದ್ದ ಗಂಟಲು ಅದೊಂದೇ.

ಮುರ್ಡೇಶ್ವರದ ದಂಡೆಯಲ್ಲಿ ನಡೆದ ಕಾರ್ಯಕ್ರಮದಲ್ಲಿ ಅದರೊಳಗೆ ಮರಳು ಹೊಕ್ಕಿತು. ಉಪ್ಪುಗಾಳಿಗೆ ಬೆಸುಗೆಗಳೂ ಹಸಿರುಗಟ್ಟಿದ್ದವು. ಹೊನ್ನಾವರದ ರೇಡಿಯೋ ರಿಪೇರಿಯವರು ಒಂದು ಉಪಾಯ ಸೂಚಿಸಿದರು: ಒಳಗಿನ ಸರ್ಕೀಟನ್ನು ಕಿತ್ತು, ಆಂಪ್ಲಿಫೈಯರ್ ಇಡುವ ಕಬ್ಬಿಣದ ರ‍್ಯಾಕಿನಲ್ಲಿ ಭದ್ರಪಡಿಸುವುದು, ಪಾದದಡಿ ತಿರುಗುವ ಕಂಟ್ರೋಲನ್ನು ಮಾತ್ರ ಉಳಿಸಿ, ನಡುವೆ ಉದ್ದನೆಯ ವೈರ್ ಎಳೆಯುವುದು. ಮೊದಲು ಸಾದಾ ವೈರ್ ಹಾಕಿದ್ದರಿಂದ ಜೇನುಹುಳದ ಗುಂಯ್ ಸದ್ದು ಬಂತು. ಮೈಕಿಗೆ ಬಳಸುವ ಶೀಲ್ಡ್ ವೈರ್ ಹಾಕಿದ ಮೇಲೆ ಸರಿಹೋಯಿತು. ಈ ಕೆಲಸಕ್ಕೆ ನಾನು ಪೂರ್ಣ ಸಮ್ಮತಿ ನೀಡಿದ್ದೆ. ರ‍್ಯಾಕ್ ಇದ್ದುದು ಆರ್ಕೆಸ್ಟ್ರಾದ ಯಜಮಾನರ ವಶದಲ್ಲಿ ಎಂಬ ಅಂಶವನ್ನು ಪರಿಗಣಿಸಲಿಲ್ಲ.

ಮುಂದಿನ ವಾರ ಕುಮಟಾದಲ್ಲಿ, ಮದುವೆಯ ಊಟದ ಹೊತ್ತಿನ ಕಾರ್ಯಕ್ರಮ. ಎರಡನೆಯ ಹಾಡಿನಲ್ಲಿ ಪೆಡಲ್ ಒತ್ತಿದೆ, ಸ್ವರ ಕದಲಲಿಲ್ಲ. ಪಾದ ಸುಮ್ಮನಿದ್ದಾಗ ತಾನಾಗಿಯೇ ‘ವಾ’ ಎಂದಿತು. ವೈರ್ ತುಂಡಾಗಿರಬೇಕೆಂದು ಹಿಂತಿರುಗಿ ನೋಡಿದೆ. ಯಜಮಾನರು ಮಿಕ್ಸರಿನ ಮೇಜಿನ ಮುಂದೆ ಕುಳಿತು, ಗಾಯಕಿಯ ಮೇಲೆ ಕಣ್ಣಿಟ್ಟು, ರ‍್ಯಾಕಿನಿಂದ ವೈರ್ ಎಳೆದು ಕೂರಿಸಿದ್ದ ಹೊಸದೊಂದು ಗುಂಡಿಯನ್ನು ತಿರುಗಿಸುತ್ತಿದ್ದರು. ನಾನು ಮೀಟಿದ ಸ್ವರವು ಅವರ ಬೆರಳಿನ ಮರ್ಜಿಯಂತೆ ಕೂಗುತ್ತಿತ್ತು. ಪಂಕ್ತಿಯಲ್ಲಿದ್ದ ಕೆಲವರು ನನ್ನ ಪಾದವನ್ನು ನೋಡಿ ನಕ್ಕರು.

ಹಾಡು ಮುಗಿದೊಡನೆ ವಿವರಣೆ ಕೇಳಿದೆ. ಹಿಂದಿನ ತಿಂಗಳು ದೇವರನಾಮಕ್ಕೆ ನಾನು ಪೆಡಲ್ ಒತ್ತಿ, ಹಿರಿಯರಿಂದ ದೂರು ಬಂದದ್ದನ್ನು ಅವರು ನೆನಪಿಸಿದರು. ಅದು ನನ್ನ ತಪ್ಪು, ಒಪ್ಪುತ್ತೇನೆ.

“ನೋಡು ತಮಾ, ಬಾರ್ಸೂದು ನಿನ್ ಕೆಲ್ಸ,” ಎಂದರು ಯಜಮಾನರು. “ಎಲ್ಲಿ ಕೂಗ್ಸೂದು ಅಂತ ನಾ ನೋಡ್ಕಂತೆ. ಆತಲ್ಲ?”

“ಹಂಗಾದ್ರೆ ನನ್ ಕಾಲಡಿಗೆ ಇದ್ನ ಎಂತಕ್ಕೆ ಇಟ್ರಿ ಅಣ್ಣಾ?”

“ಜನ ನೋಡ್ತರಲ ಮಾರಾಯ. ನೀ ಒತ್ತಿದಂಗೆ ಮಾಡ್ತಾ ಇರು.”

ಕಿತ್ತುಕೊಂಡಿದ್ದರೆ ಸಹಿಸುತ್ತಿದ್ದೆನೇನೋ. ಕಿತ್ತುಕೊಂಡದ್ದನ್ನು ನನ್ನ ಪಾದದಿಂದಲೇ ಮುಚ್ಚಿಡಲು ಹೇಳಿದರು. ನಾನು ಗಿಟಾರಿನ ವೈರನ್ನು ಸರ್ಕೀಟಿನಿಂದ ಕಿತ್ತು ನೇರವಾಗಿ ಆಂಪ್ಲಿಫೈಯರಿಗೆ ಚುಚ್ಚಿದೆ. ಪೆಡಲನ್ನು ಎಲ್ಲರಿಗೂ ಕಾಣುವಂತೆ ವೇದಿಕೆಯ ಅಂಚಿಗೆ ಒದ್ದೆ. ಉಳಿದ ಹಾಡುಗಳನ್ನೆಲ್ಲ ಸಪ್ಪೆ ಸ್ವರದಲ್ಲೇ ಮುಗಿಸಿ, ರ‍್ಯಾಕಿನ ತಿರುಪು ಬಿಚ್ಚಿ ನನ್ನ ಸರ್ಕೀಟನ್ನೂ ಪೆಡಲನ್ನೂ ಹೊತ್ತು ಹೊರಟೆ. ಯಾರೂ ತಡೆಯಲಿಲ್ಲ.

ಮರುದಿನ ರಿಪೇರಿಯವರ ಮೇಲೆ ಹರಿಹಾಯ್ದೆ. ಅವರು ಎದ್ದು ನಿಂತರು.

“ಎರಡನೇ ಕಂಟ್ರೋಲು ನೀವೇ ಹೇಳಿ ಕಳ್ಸಿದ್ದು ಅಂದ್ರು ನಿಮ್ ಯಜಮಾನ್ರು. ನಂಗೆಂತ ಗೊತ್ತು?”

ನಿರಪರಾಧಿಯನ್ನು ಬೈದದ್ದಕ್ಕೆ ವಿಷಾದಿಸುತ್ತೇನೆ. ಅವರು ಮೇಜಿನತ್ತ ಹೋಗುವ ವೈರನ್ನು ಕತ್ತರಿಸಿ, ಉಳಿದದ್ದನ್ನು ನನ್ನ ಪಾದದ ಕಂಟ್ರೋಲಿಗೆ ಜೋಡಿಸಿಕೊಟ್ಟರು.

ಮೂರು ದಿನ ಬಿಟ್ಟು ಯಜಮಾನರಿಂದ ಸೂಚನೆ ಬಂತು: ಸರ್ಕೀಟನ್ನು ರ‍್ಯಾಕಿಗೆ ಮರಳಿಸಿದಲ್ಲಿ ಮಾತ್ರ ಬರತಕ್ಕದ್ದು. ನಾನು ಹೋಗಲಿಲ್ಲ. ಭಟ್ಕಳದ ಕಾರ್ಯಕ್ರಮಕ್ಕೆ ಬೇರೊಬ್ಬ ಗಿಟಾರಿನವನನ್ನು ಕರೆದೊಯ್ದರು. ಅವನ ಪಾದದಡಿ ಪೆಡಲಿನಂತೆ ಕಾಣಲೆಂದು ಕಪ್ಪು ಬಣ್ಣ ಬಳಿದ ಮರದ ತುಂಡೊಂದನ್ನು ಇಟ್ಟಿದ್ದರಂತೆ. ಕಾರ್ಯಕ್ರಮ ಮುಗಿಯುವವರೆಗೂ ಆತ ಅದನ್ನು ಒತ್ತುತ್ತಲೇ ಇದ್ದನಂತೆ.