ಹಲ್ಲಿನಲ್ಲಿ ಓದಿದ ಮಣ್ಣು

ಎದುರಿಗೆ ಮೇಡಂ, ಬೆನ್ನು ತಿರುಗಿದರೆ ಮಣ್ಣಮ್ಮ. ಭೂ ಸಂಶೋಧನಾ ಕೇಂದ್ರದ ಎರಡನೇ ಮಹಡಿಯಲ್ಲಿ ಆಕೆಗಿದ್ದ ಹೆಸರು ಇವೆರಡೇ. ಎರಡನೆಯದು ಕಿವಿಗೆ ಬಿದ್ದಾಗ ಆಕೆ ಸಿಟ್ಟಾಗುತ್ತಿರಲಿಲ್ಲ, ಒಳಗೊಳಗೇ ಉಬ್ಬುತ್ತಿದ್ದಳು.

ಕಾಡಿನ ಯಾವ ಇಳಿಜಾರು ನೀರು ಹಿಡಿಯುತ್ತದೆ, ಯಾವುದು ಒಂದೇ ಮಳೆಗೆ ಜಾರಿ ಕೆಳಗಿನ ರಸ್ತೆಯ ಮೇಲೆ ಬಂದು ಮಲಗುತ್ತದೆ ಎಂದು ನಕ್ಷೆ ಬರೆಯುವುದು ಆ ಕೇಂದ್ರದ ಕೆಲಸ. ಅದಕ್ಕೆ ಹತ್ತು ಹೆಜ್ಜೆಗೊಮ್ಮೆ ಮಣ್ಣು ನೋಡಬೇಕು. ಅಷ್ಟನ್ನೂ ಚೀಲದಲ್ಲಿ ಹೊತ್ತು ತಂದು ಪ್ರಯೋಗಾಲಯದಲ್ಲಿ ಸೋಸುತ್ತ ಕೂತರೆ ಬರೆಯುವವರು ಮುದುಕರಾಗಿರುತ್ತಾರೆ, ಕಾಡೂ ಉಳಿದಿರುವುದಿಲ್ಲ. ಹಾಗಾಗಿ ಅಲ್ಲಿ ಬೆರಳೇ ಯಂತ್ರ. ಗುಂಡಿ ತೋಡಿ, ಚಿಟಿಕೆ ಮಣ್ಣಿಗೆ ನೀರು ಹನಿಸಿ, ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಬೇಕು. ಮರಳು ಕೆರೆಯುತ್ತದೆ. ಹೂಳು ಹಿಟ್ಟಿನ ಹಾಗೆ ಜಾರುತ್ತದೆ. ಜೇಡಿ ಅಂಟಿಕೊಂಡು ಪಟ್ಟಿಯಾಗಿ ಉದ್ದಕ್ಕೆ ಬರುತ್ತದೆ. ಯಾವುದು ಎಷ್ಟು ಬೆರೆತಿದೆ ಎಂದು ಬೆರಳು ಹೇಳಿದ್ದೇ ನಕ್ಷೆಯ ಮೇಲೆ ಬಣ್ಣವಾಗುತ್ತದೆ.

ಆಕೆಯ ಬೆರಳು ಸುಳ್ಳು ಹೇಳಿದ್ದಿಲ್ಲ. ನಾಲಿಗೆ ಯಾರನ್ನೂ ಬಿಟ್ಟಿದ್ದಿಲ್ಲ. ಹೊಸದಾಗಿ ಸೇರಿದವರನ್ನು ಕಾಡಿನ ಶಿಬಿರದಲ್ಲಿ ಸಾಲಾಗಿ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಅಂಗೈಗೆ ಒಂದೊಂದು ಉಂಡೆ ಇಡುತ್ತಿದ್ದಳು. ತಪ್ಪು ಹೇಳಿದವನಿಗೆ, "ಹಂಗಾದ್ರೆ ಬಾಯಿಗೆ ಹಾಕ್ಕೋ. ಕೈಗೆ ಗೊತ್ತಾಗದ್ದು ಹಲ್ಲಿಗಾದ್ರೂ ಗೊತ್ತಾಗ್ಲಿ" ಎನ್ನುವಳು. ಹಲ್ಲಿಗೆ ಗೊತ್ತಾಗುತ್ತದೆ, ಅದು ನಿಜವೇ. ಹೂಳು ಎಷ್ಟೇ ನಯವಿರಲಿ ಹಲ್ಲಿನ ನಡುವೆ ಸಣ್ಣಗೆ ಕರಕರ ಅನ್ನುತ್ತದೆ, ಜೇಡಿ ಬೆಣ್ಣೆಯಂತೆ ಸುಮ್ಮನಿರುತ್ತದೆ. ಆದರೆ ಆ ಕಸುಬಿನಲ್ಲಿ ಕಚ್ಚಿ ನೋಡುವವನೆಂದರೆ ಬೆರಳು ಮಡಚಿ ಎಣಿಸುವ ಗಣಿತದ ಮೇಷ್ಟರಿದ್ದ ಹಾಗೆ. ನಗೆಪಾಟಲು.

ಆಕೆಯ ಸಹಾಯಕನೂ ಹೀಗೆ ಕಚ್ಚಿದವನೇ. ಬಾಯಲ್ಲಿ ಕೆಸರಿಟ್ಟುಕೊಂಡು ಉಗಿಯುವುದೋ ನುಂಗುವುದೋ ತಿಳಿಯದೆ ನಿಂತಿದ್ದವನಿಗೆ ಆಕೆ ಎಲ್ಲರೆದುರು ಮೊದ್ದು ಎಂದು ಹೆಸರಿಟ್ಟಳು. ಹೆಸರು ಎಷ್ಟು ಗಟ್ಟಿಯಾಗಿ ಅಂಟಿತೆಂದರೆ ಚಹಾ ತರುವವನೂ "ಮೊದ್ದಣ್ಣ, ಸಕ್ಕರೆ ಹಾಕ್ಲಾ?" ಎಂದು ಕೇಳುತ್ತಿದ್ದ. ಅವನಿಗೆ ಈಗ ಮದುವೆಯಾಗಿದೆ, ಮಗಳು ಶಾಲೆಗೆ ಹೋಗುತ್ತಾಳೆ. ಹೆಸರು ಬದಲಾಗಿಲ್ಲ.

ಆಕೆಯದು ಇನ್ನೊಂದು ಕಟ್ಟಪ್ಪಣೆಯಿತ್ತು. ಹೊಸ ಜಾಗಕ್ಕೆ ಹೋದಾಗ ಅಲ್ಲಿ ಹಿಂದೆ ಏನಿತ್ತು, ಯಾರು ಏನು ಬೆಳೆದರು ಎಂದು ಯಾರೂ ಬಾಯಿ ಬಿಡಬಾರದು. ಮೊದಲೇ ಕೇಳಿಸಿಕೊಂಡರೆ ಬೆರಳು ಆ ಮಾತಿಗೆ ತಾಳ ಹಾಕುತ್ತದೆ ಎನ್ನುವುದು ವಾದ. ಮಣ್ಣು ನೋಡಿ ಮುಗಿದು, ಸಹಿ ಬಿದ್ದ ಮೇಲೆ ಜಾಗದ ಕಥೆ. ಅಲ್ಲಿಯತನಕ ಅದನ್ನು ವಿಚಾರಿಸಿ ತಿಳಿದುಕೊಂಡು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಸಹಾಯಕನ ಕೆಲಸ. ಒಮ್ಮೆ ಒಬ್ಬ ವಿದ್ಯಾರ್ಥಿ "ಇದು ಮೊದಲು ಕೆರೆಯಂತೆ ಮೇಡಂ" ಎಂದುಬಿಟ್ಟ. ಆಕೆ ಜೀಪು ನಿಲ್ಲಿಸಿ ಅವನನ್ನು ಕಾಡಿನ ದಾರಿಯಲ್ಲೇ ಇಳಿಸಿ ಹೋದಳು. ಆ ಹುಡುಗ ಮತ್ತೆ ಕೇಂದ್ರದ ಕಡೆ ತಲೆ ಹಾಕಲಿಲ್ಲ. ಒಳ್ಳೆಯ ನಿಯಮವನ್ನು ಮನುಷ್ಯರ ಮೇಲೆ ದೊಣ್ಣೆಯಂತೆ ಬೀಸಿದರೆ ಅದು ಎಷ್ಟು ಒಳ್ಳೆಯದಾದರೇನು?

ಇಷ್ಟು ಧಿಮಾಕಿನ ಹೆಂಗಸಿಗೆ ಒಂದು ಭಯವಿತ್ತು. ಅದರ ವಿಳಾಸ ನೆಲಮಾಳಿಗೆ. ಹಳೆಯ ಮಣ್ಣಿನ ಡಬ್ಬಿಗಳನ್ನು ಜೋಡಿಸಿಟ್ಟ, ಕಿಟಕಿಯಿಲ್ಲದ, ಬೇಸಿಗೆಯಲ್ಲೂ ಗೋಡೆ ಬೆವರುವ ಕೋಣೆ. ಕೈ ಕೆಟ್ಟವರನ್ನು ಅಲ್ಲಿಗೆ ಹಾಕುತ್ತಿದ್ದರು. ಆಕೆಗೆ ಕಸುಬು ಕಲಿಸಿದ ಗುರುವನ್ನೂ ಅಲ್ಲಿಗೇ ಹಾಕಿದ್ದರು, ಹಾಕಿಸಿದ್ದು ಆಕೆಯೇ. ಮುದುಕನ ಬೆರಳು ಮಂಕಾದದ್ದನ್ನು ಮೊದಲು ಕಂಡುಹಿಡಿದವಳು ಆಕೆ. ಒಂದೇ ಉಂಡೆಯನ್ನು ಮುರಿದು, ಎರಡು ಬೇರೆ ಮಣ್ಣೆಂದು ತುಂಬಿದ ಸಭೆಯಲ್ಲಿ ಅವರ ಕೈಗಿಟ್ಟಳು. ಅವರು ಪಾಪ, ಒಂದನ್ನು ಹೂಳು ಎಂದರು, ಇನ್ನೊಂದನ್ನು ಜೇಡಿ ಎಂದರು. ನಿರ್ದೇಶಕರು ನಕ್ಕರು. ಮಾರನೆಯ ವಾರ ಗುರುವಿನ ಕುರ್ಚಿ ಆಕೆಗೆ ಬಂತು. ಗುರು ಡಬ್ಬಿಗಳಿಗೆ ಚೀಟಿ ಅಂಟಿಸುತ್ತ ಕೆಮ್ಮಿಕೊಂಡಿದ್ದು ಹೋಗಿಬಿಟ್ಟರು. ಆಕೆ ಆ ಮೆಟ್ಟಿಲು ಇಳಿಯಲೇ ಇಲ್ಲ. ಡಬ್ಬಿ ಬೇಕಾದರೆ ಮೊದ್ದುವನ್ನು ಕಳಿಸುತ್ತಿದ್ದಳು.

ಈಗ ಆಕೆಯ ಬೆರಳುಗಳ ಸರದಿ. ಸಕ್ಕರೆ ಕಾಯಿಲೆ ಮೊದಲು ತುದಿಗಳನ್ನು ತಿಂದಿತು. ಕೈಗವಸು ಹಾಕಿಕೊಂಡು ಲೋಕವನ್ನು ಮುಟ್ಟಿದ ಹಾಗೆ. ಒಂದು ಬೆಳಿಗ್ಗೆ ಗುಂಡಿಯ ಅಂಚಿನಲ್ಲಿ ಕೂತು ಉಜ್ಜಿದರೆ, ಏನೂ ಇಲ್ಲ. ಮರಳೋ ಹಿಟ್ಟೋ ಬೂದಿಯೋ, ಬೆರಳು ಮಾತಾಡಲಿಲ್ಲ. ಆಕೆ ಮೊದ್ದುವಿಗೆ ಬೆನ್ನು ಮಾಡಿ, ಮೂಗು ಒರೆಸಿಕೊಳ್ಳುವವಳಂತೆ ಕೈಯನ್ನು ಮುಖಕ್ಕೆ ತಂದು, ಚಿಟಿಕೆ ಮಣ್ಣನ್ನು ಹಲ್ಲಿನ ನಡುವೆ ಇಟ್ಟಳು. ಕರಕರ. "ಹೂಳು ಜಾಸ್ತಿ, ಬರಕೋ" ಎಂದಳು. ಅಂದಿನಿಂದ ನಕ್ಷೆಯನ್ನೆಲ್ಲ ಹಲ್ಲೇ ಬರೆಯಿತು.

ಮನೆಯಲ್ಲಿದ್ದದ್ದು ಅಕ್ಕ ಒಬ್ಬಳೇ, ಮೂಲೆಯಂಗಡಿಯಲ್ಲಿ ಬಟ್ಟೆ ಹೊಲಿಯುವವಳು. ಅಕ್ಕನ ಗಂಡನನ್ನು ಸಾವು ಬಿಡಿಸಿತ್ತು, ತಂಗಿಯ ಗಂಡನನ್ನು 'ಸಾಕು' ಎಂಬ ಒಂದು ಮಾತು. ಸಂಜೆ ಬಚ್ಚಲಲ್ಲಿ ತಂಗಿ ಬಾಯಿ ಮುಕ್ಕಳಿಸಿದಾಗ ಬೀಳುವ ಕೆಮ್ಮಣ್ಣಿನ ನೀರನ್ನು ಅಕ್ಕ ಬೇಗನೆ ಗುರುತು ಹಿಡಿದಳು.

"ಏನೇ ಇದು, ಕಾಡಲ್ಲಿ ಊಟ ಹಾಕಲ್ವಾ ನಿಮಗೆ?"

"ಧೂಳು ಕಣೇ."

"ಧೂಳು ಮೂಗಿಗೆ ಹೋಗತ್ತೆ. ದವಡೆ ಹಲ್ಲಿಗೆ ಹೋಗಿ ಕೂರಲ್ಲ. ಯಾರಿಗೆ ಹೇಳ್ತಿದೀಯ?"

ತಂಗಿ ಹೇಳಬೇಕಾಯಿತು. ಕೇಳಿದ ಅಕ್ಕ ಸೂಜಿಗೆ ದಾರ ಪೋಣಿಸುತ್ತ ಅಂದಳು: "ನಾನಾದ್ರೆ ಸೂಜಿ ಕಾಣದೇ ಇದ್ದ ದಿನ ಅಂಗಡಿ ಮುಚ್ತೀನಿ. ನೀನು ಮುಚ್ಚಲ್ಲ. ನಿನಗೆ ಹೊಟ್ಟೆಪಾಡಲ್ಲ, ಕುರ್ಚಿಪಾಡು."

ಆ ವರ್ಷ ಬಂದ ಜಾಗ ಕಾಡಿನ ಅಂಚಿನ ಬೋಳು ತುಂಡು. ಸುತ್ತ ಮರಗಳು ದಟ್ಟವಾಗಿ ನಿಂತಿದ್ದರೂ ಆ ತುಂಡಿನಲ್ಲಿ ಹುಲ್ಲೂ ಅಂಜಿಕೊಂಡು ಎದ್ದಿತ್ತು. ಯಾಕೆ ಬೋಳು ಎನ್ನುವುದೇ ಪ್ರಶ್ನೆ. ಗುಂಡಿಯ ಗೋಡೆಯಲ್ಲಿ ಅಲ್ಲಲ್ಲಿ ಹಸಿರು ಛಾಯೆಯಿತ್ತು. ಆಕೆ ಅದನ್ನು ನೋಡಿದಳು. ನೀರು ನಿಂತು ಬಣ್ಣಗೆಟ್ಟಿದೆ ಎಂದುಕೊಂಡಳು. ಆ ಹೊತ್ತಿಗೆ ಆಕೆಯ ಗಮನವೆಲ್ಲ ಮೊದ್ದು ಎತ್ತ ನೋಡುತ್ತಿದ್ದಾನೆ ಎನ್ನುವುದರ ಮೇಲಿತ್ತು. ಮಳೆಗಾಲ ಕಾಲಿಡುವ ಮುಂಚೆ ಮುಗಿಸಬೇಕೆಂದು ದಿನವಿಡೀ ಗುಂಡಿಯಿಂದ ಗುಂಡಿಗೆ ಹೋದಳು. ಪ್ರತಿ ಗುಂಡಿಯಲ್ಲೂ ಮೇಲಿನ ಪದರ, ನಡುವಿನ ಪದರ, ತಳದ ಪದರ. ಪ್ರತಿ ಪದರಕ್ಕೂ ಒಂದು ಕಚ್ಚು.

ವಾರ ಕಳೆಯುವಷ್ಟರಲ್ಲಿ ಹೊಟ್ಟೆ ಕೈಕೊಟ್ಟಿತು. ತಿಂದದ್ದು ನಿಲ್ಲುತ್ತಿರಲಿಲ್ಲ. ಪೊದೆಯ ಹಿಂದೆ ಹೋಗಿ ಬಂದರೆ ಮೊದ್ದು ನೀರಿನ ಬಾಟಲಿ ಹಿಡಿದು ನಿಂತಿರುತ್ತಿದ್ದ. ಬಹಳ ವಿನಯ.

"ಇವತ್ತು ಸಾಕು ಮಾಡೋಣ್ವಾ ಮೇಡಂ?"

"ನಿನಗೆ ಸಾಕಾದ್ರೆ ಹೋಗು ಮೊದ್ದು. ಮಗಳಿಗೆ ಜಡೆ ಹಾಕು."

ಮೊದ್ದು ಹೋಗಲಿಲ್ಲ. ಮುಂದಿನ ಗುಂಡಿಯ ಮಣ್ಣನ್ನು ನೀಟಾಗಿ ಹಾಳೆಯ ಮೇಲೆ ಹರಡಿ ಕೊಟ್ಟ.

ಕೊನೆಯ ಗುಂಡಿ ಮುಗಿದು, ಆಕೆ ಜೀಪಿನ ಬಾನೆಟ್ಟಿನ ಮೇಲೆ ಹಾಳೆಗಳನ್ನಿಟ್ಟು ಸಹಿ ಹಾಕಿದಳು. ಪೆನ್ನಿನ ಮುಚ್ಚಳ ಹಾಕಿ, ರೂಢಿಯಂತೆ, "ಹೇಳು ಈಗ, ಏನಿತ್ತಿಲ್ಲಿ?" ಎಂದಳು.

"ಕಂಬ ಅದ್ದೋ ಅಂಗಳ ಮೇಡಂ. ತಂತಿ ಕಂಬ, ಬೇಲಿ ಗೂಟ. ಗೆದ್ದಲು ತಿನ್ನಬಾರದು ಅಂತ ದೊಡ್ಡ ತೊಟ್ಟೀಲಿ ವಿಷ ಕಲಸಿ ಮರ ಅದ್ದೋರಂತೆ. ಆರ್ಸೆನಿಕ್, ತಾಮ್ರ, ಎಲ್ಲ. ತೊಟ್ಟಿ ಒಡೆದು ವರ್ಷಗಟ್ಟಲೆ ನೆಲಕ್ಕೇ ಇಳಿದಿದೆ."

ಆಕೆ ಬಾನೆಟ್ಟನ್ನು ಹಿಡಿದುಕೊಂಡಳು. "ನಿನಗೆ ಯಾವಾಗ ಗೊತ್ತಾಯ್ತು?"

"ಬರೋಕೆ ಮುಂಚೇನೇ. ವಿಚಾರಿಸಿಟ್ಕೊಳ್ಳೋದು ನನ್ನ ಕೆಲ್ಸ ತಾನೆ."

"ಒಂದು ಮಾತು ಹೇಳಬಾರದಿತ್ತಾ?"

"ಹೇಳಿದವನನ್ನ ನೀವು ದಾರೀಲಿ ಇಳಿಸಿದ್ರಲ್ಲ. ಆವತ್ತು ಜೀಪಲ್ಲಿ ನಾನೂ ಇದ್ದೆ." ಮೊದ್ದು ಸಲಾಕೆಯ ಮಣ್ಣನ್ನು ಬಟ್ಟೆಯಿಂದ ಒರೆಸುತ್ತಿದ್ದ. ಮುಖದಲ್ಲಿ ನಗುವಿರಲಿಲ್ಲ, ಸಿಟ್ಟೂ ಇರಲಿಲ್ಲ. "ಅದೂ ಅಲ್ದೆ, ಕೈಯಲ್ಲಿ ಮುಟ್ಟಿದ್ರೆ ಅಂಥದ್ದೇನಾಗಲ್ಲ ಮೇಡಂ. ಸೋಪು ಹಾಕಿ ತೊಳ್ಕೊಂಡ್ರಾಯ್ತು. ನೀವು ಕೈಯಲ್ಲೇ ತಾನೆ ನೋಡೋದು?"

ಏನಂತ ಹೇಳುವುದು? ಕೈಯಲ್ಲಿ ಅಲ್ಲ ಎಂದರೆ ನೆಲಮಾಳಿಗೆ. ಕೈಯಲ್ಲೇ ಎಂದರೆ ಇವನ ಮೇಲೆ ದೂರಿಲ್ಲ.

"ಹೌದು," ಎಂದಳು. "ಕೈಯಲ್ಲೇ."

"ಮತ್ತೇನು. ಹತ್ತಿ ಮೇಡಂ, ಮೋಡ ಆಗ್ತಿದೆ."

ಆಕೆ ಆಸ್ಪತ್ರೆಗೆ ಹೋಗಲು ಒಪ್ಪುವಷ್ಟರಲ್ಲಿ ಮಳೆಗಾಲ ಮುಗಿದಿತ್ತು. ಅಂಗೈ ಒರಟಾಗಿ, ಕತ್ತಿನ ಸುತ್ತ ಕಪ್ಪು ಮಚ್ಚೆ ಎದ್ದಿತ್ತು. ಕೇಂದ್ರದವರು ಜೀಪು ಕೊಟ್ಟರು, ಜೊತೆಗೆ ಮೊದ್ದುವನ್ನೂ ಕೊಟ್ಟರು. ವೈದ್ಯರ ಕೋಣೆಯಲ್ಲಿ ಮೂರು ಕುರ್ಚಿ: ಆಕೆ, ಅಕ್ಕ, ಬಾಗಿಲ ಬಳಿ ಫೈಲು ಹಿಡಿದ ಮೊದ್ದು.

"ನೀವು ಹೊಲ ಕಾಡು ಓಡಾಡೋರು. ಔಷಧ ಹೊಡೆದಿದ್ದು ಏನಾದ್ರೂ ಹೊಟ್ಟೆಗೆ ಹೋಗಿದ್ಯಾ? ನೆನಪು ಮಾಡ್ಕೊಳ್ಳಿ," ಎಂದರು ವೈದ್ಯರು. "ಅದು ಗೊತ್ತಾದ್ರೆ ಬೇರೆ ಪರೀಕ್ಷೆ, ಬೇರೆ ಚಿಕಿತ್ಸೆ. ಸುಮ್ಮನೆ ಕೇಳ್ತಿಲ್ಲ ನಾನು."

ಹಿಂದಿನ ರಾತ್ರಿಯೇ ತಂಗಿಯ ಬಾಯಿಂದ ವಿಷದ ಅಂಗಳದ ಕಥೆ ಎಲ್ಲ ಕೇಳಿದ್ದ ಅಕ್ಕ ಮುಂದಕ್ಕೆ ಬಾಗಿ, "ಡಾಕ್ಟ್ರೇ, ಇವಳು" ಎನ್ನುವಷ್ಟರಲ್ಲಿ ತಂಗಿ ಅವಳ ಕೈ ಹಿಡಿದಳು. ಎಷ್ಟು ಬಿಗಿ ಹಿಡಿದಳೆಂದು ಅವಳಿಗೇ ತಿಳಿಯಲಿಲ್ಲ. ಅಕ್ಕನ ಬೆರಳು ಲಟ್ಟೆಂದಿತು, ಕಣ್ಣಲ್ಲಿ ನೀರು ತುಂಬಿತು. ಹೊಲಿಯುವ ಕೈ ಅದು.

"ಏನೂ ಹೋಗಿಲ್ಲ," ಎಂದಳು ತಂಗಿ.

ವೈದ್ಯರು ಮೊದ್ದುವಿನ ಕಡೆ ನೋಡಿದರು. "ನೀವು ಜೊತೇಲೇ ಇರ್ತೀರಲ್ಲ?"

"ಮೇಡಂ ಹೇಳಿದ್ದೇ ಸರ್," ಎಂದ ಮೊದ್ದು.

ಸಕ್ಕರೆ ಕಾಯಿಲೆಯ ತೊಂದರೆ ಜಾಸ್ತಿಯಾಗಿದೆ ಎಂದು ವೈದ್ಯರು ಮಾತ್ರೆ ಬರೆದುಕೊಟ್ಟರು. ಅವರ ತಪ್ಪೇನೂ ಇಲ್ಲ. ಮೂರು ಜನ ಎದುರಿಗೆ ಕೂತು ಸುಳ್ಳು ಹೇಳಿದರೆ ನಾಡಿ ಎಷ್ಟಂತ ನಿಜ ಹೇಳೀತು.

ಅಕ್ಕ ಸುಮ್ಮನಿರುವ ಪೈಕಿಯಲ್ಲ. ಬೆರಳಿಗೆ ಪಟ್ಟಿ ಸುತ್ತಿಕೊಂಡು ನಿರ್ದೇಶಕರ ಕೋಣೆಗೇ ಹೋದಳು. ಗಾಜಿನ ಮೇಜು, ಗೋಡೆ ತುಂಬ ತಂಗಿಯ ನಕ್ಷೆಗಳು, ಹಸಿರು ಹಳದಿ ಕಂದು. ಬೆರಳು ಸತ್ತದ್ದು, ಹಲ್ಲಿನಲ್ಲಿ ನೋಡಿದ್ದು, ವಿಷದ ಅಂಗಳದಲ್ಲಿ ವಾರಗಟ್ಟಲೆ ಕಚ್ಚಿದ್ದು, ಎಲ್ಲ ಹೇಳಿದಳು. "ಅವಳನ್ನ ಎಲ್ಲಿಗಾದ್ರೂ ಹಾಕಿ ಸ್ವಾಮಿ, ನೆಲಮಾಳಿಗೇಗೇ ಹಾಕಿ. ಆದ್ರೆ ನೀವೊಂದು ಮಾತು ಡಾಕ್ಟ್ರಿಗೆ ಹೇಳಿ. ನಾನು ಹೇಳಿದ್ರೆ ಅವಳು ಇಲ್ಲ ಅಂತಾಳೆ. ನೀವು ಹೇಳಿದ್ರೆ ಇನ್ನು ಮುಚ್ಚಿಡೋಕೆ ಏನೂ ಉಳಿಯಲ್ಲ."

ನಿರ್ದೇಶಕರು ಎದ್ದು ಬಾಗಿಲು ಹಾಕಿದರು. ಅಕ್ಕನ ಮುಂದೆ ಒಂದು ಲೋಟ ನೀರಿಟ್ಟರು.

"ಅಮ್ಮಾ, ನೀವು ಏನು ಹೇಳ್ತಿದೀರ ಅಂತ ನಿಮಗೆ ಗೊತ್ತಿಲ್ಲ. ಕೈಗೆ ಸ್ಪರ್ಶ ಇಲ್ಲ ಅಂತ ಒಪ್ಪಿದ್ರೆ ಈ ಗೋಡೆ ಮೇಲಿರೋ ನಕ್ಷೆ ಎಲ್ಲ ಅನುಮಾನಕ್ಕೆ ಬರತ್ತೆ. ಇದನ್ನ ನಂಬಿ ರಸ್ತೆ ಮಾಡಿದಾರೆ, ಗಿಡ ನೆಟ್ಟಿದಾರೆ. ನಾನು ಎಷ್ಟು ಜನಕ್ಕೆ ಉತ್ತರ ಕೊಡ್ಲಿ?"

"ನಕ್ಷೆ ಸರಿ ಇದ್ಯಂತಲ್ಲ. ಹಲ್ಲು ಸುಳ್ಳು ಹೇಳಲ್ವಂತೆ."

"ಸರಿ ಇರಬಹುದು. ಆದ್ರೆ ಹಲ್ಲಲ್ಲಿ ಮಾಡಿದ್ದು ಅಂತ ನಾನು ಬರೆಯೋಕಾಗಲ್ಲ."

"ಹಂಗಾದ್ರೆ ಅವಳು ಸಾಯ್ಲಾ?"

"ಛೆ ಛೆ, ಯಾಕೆ ಕೆಟ್ಟ ಮಾತು. ಅವರಿಗೆ ಏನು ಬೇಕೋ ಅದನ್ನ ಮಾಡ್ತೀನಿ."

ಮಾಡಿದರು. ನಿವೃತ್ತಿ ಹತ್ತಿರವಿದ್ದ ಆಕೆಗೆ ಸೇವೆ ಮುಂದುವರಿಸಿದ ಆದೇಶ ಮನೆಗೇ ಬಂತು, ಕ್ಷೇತ್ರ ಕಾರ್ಯದ ಮುಖ್ಯಸ್ಥೆಯಾಗಿಯೇ. ಸಹಾಯಕ ಅವನೇ. ಕೇಳಲಿಕ್ಕೆ ಬಂದವಳ ಬಾಯಿ ಮುಚ್ಚಿಸಲು ಕಾಯಿಲೆಯವಳ ಆಸೆಯನ್ನೇ ತೀರಿಸಿದರೆ ಸಾಕೆಂದು ಕಂಡುಕೊಂಡ ಇಂಥ ಬುದ್ಧಿವಂತರಿಗೆ ನಮ್ಮಲ್ಲಿ ಕೊರತೆಯಿಲ್ಲ. ಅವರು ಯಾರನ್ನೂ ಕೊಲ್ಲುವುದಿಲ್ಲ. ಬೇಡಿದ್ದನ್ನು ಕೊಡುತ್ತಾರೆ, ಅಷ್ಟೆ.

ಆದೇಶವನ್ನು ಆಕೆ ನಿಂತುಕೊಂಡೇ ಓದಿದಳು. ಓದುತ್ತ ಓದುತ್ತ ಬಹಳ ದಿನಗಳ ಮೇಲೆ ನಕ್ಕಳು. "ನೋಡಿದ್ಯೇನೇ, ನನ್ನ ಬಿಟ್ರೆ ಅವರಿಗೆ ಗತಿ ಇಲ್ಲ."

ಅಕ್ಕ ತಾನು ಹೋಗಿ ಬಂದ ವಿಷಯ ಹೇಳಲಿಲ್ಲ. ಹೇಳಿದರೆ ಈ ನಗುವೂ ಹೋಗುತ್ತಿತ್ತು, ಮತ್ತೇನೂ ಸಿಗುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಜೀಪು ಬಂದು ಹಾರ್ನ್ ಹೊಡೆಯಿತು. ಆಕೆ ಹೊಸ್ತಿಲ ಮೇಲೆ ಕೂತು ಬೂಟಿನ ದಾರದ ಜೊತೆ ಗುದ್ದಾಡುತ್ತಿದ್ದಳು. ದಾರ ಕೈಯಿಂದ ಜಾರುತ್ತಿತ್ತು, ಕಾಲು ಎಲ್ಲಿ ಮುಗಿದು ಬೂಟು ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಅಕ್ಕ ಬಂದು ನೆಲದ ಮೇಲೆ ಕೂತು, ಪಟ್ಟಿ ಸುತ್ತಿದ ಬೆರಳನ್ನು ಎತ್ತಿ ಹಿಡಿದುಕೊಂಡು, ಉಳಿದ ಬೆರಳುಗಳಿಂದ ದಾರ ಎಳೆದಳು.

"ಬಿಗಿ ಆಯ್ತಾ?"

"ಗೊತ್ತಾಗ್ತಿಲ್ಲ. ಇನ್ನೊಂಚೂರು ಎಳಿ."

ಅಕ್ಕ ಎಳೆದಳು. ದಾರ ಬಿಗಿದು ಬೂಟಿನ ಅಂಚಿನ ಮೇಲೆ ಮಾಂಸ ಉಬ್ಬಿದ್ದು ಅವಳಿಗೆ ಕಾಣುತ್ತಿತ್ತು.

"ಈಗ?"

"ಇನ್ನೂ ಎಳಿ. ಹೊತ್ತಾಯ್ತು," ಎಂದಳು ತಂಗಿ, ರಸ್ತೆಯ ಕಡೆ ನೋಡುತ್ತ.