ದೊಡ್ಡಮ್ಮನ ಅಳತೆ, ಅಪ್ಪನ ಕಾಯಿಲೆ

ಮೊದಲು ಕಂಡಿದ್ದು ನೀರು. ನಾನೇ ಕುಡಿಸುತ್ತಿದ್ದ ಸಕ್ಕರೆ ನೀರು ಅಪ್ಪನ ಬಲಗಡೆ ತುಟಿಯಂಚಿನಿಂದ ಇಳಿದು ಕತ್ತಿನವರೆಗೂ ಹೋಯಿತು. ಟವೆಲಿನಿಂದ ಒರೆಸಿದೆ. ಮತ್ತೆ ಕುಡಿಸಿದೆ.

ಒರೆಸಿದೆನೇ ಹೊರತು ನೋಡಲಿಲ್ಲ.

ಬಾಗಲೂರಿನ ನಮ್ಮ ಮನೆಯ ಮುಂದಿನ ಕೋಣೆಯೇ ಅಪ್ಪನ ಟೈಲರ್ ಅಂಗಡಿ. ಅಲ್ಲಿ ಮೆಷಿನ್ ತುಳಿದೇ ನನ್ನನ್ನು ಬಿ.ಎಸ್ಸಿ. ಓದಿಸಿದರು. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು, ಹೇಳಿಕೊಳ್ಳಲು ಸಂಕೋಚವಿಲ್ಲ. ನೆಂಟರ ಬ್ಲಡ್ ರಿಪೋರ್ಟ್‌ಗಳು ಮೊದಲು ನನ್ನ ಕೈಗೆ ಬರುತ್ತವೆ, ಆಮೇಲೆ ಡಾಕ್ಟರಿಗೆ. ಹೋದ ವರ್ಷ ದೊಡ್ಡಮ್ಮ ಬೆವರಿ, ತೊದಲಿ, ಕುಸಿದು ಕೂತಾಗ ಎಲ್ಲರೂ ದೃಷ್ಟಿ ತೆಗೆಯಲು ಹೊರಟಿದ್ದರು. ನಾನು ‘ಲೋ ಶುಗರ್’ ಅಂದೆ. ಸಕ್ಕರೆ ನೀರು ಕುಡಿಸಿದೆ. ಹತ್ತು ನಿಮಿಷಕ್ಕೆ ಎದ್ದು ಕೂತು ಕಾಫಿ ಕೇಳಿದರು. ಆ ಕತೆಯನ್ನು ಅಮೃತಹಳ್ಳಿಯ ಮದುವೆಯೊಂದರಲ್ಲೂ ಜನರ ಬಾಯಲ್ಲಿ ಕೇಳಿ ಹಿಗ್ಗಿದ್ದೆ.

ಹಾಗಾಗಿ ಆ ಭಾನುವಾರ ಬೆಳಿಗ್ಗೆ ಏಳೂವರೆಗೆ ಅಪ್ಪ ತೊದಲಿದಾಗ ಯೋಚಿಸಬೇಕು ಅಂತಲೇ ನನಗೆ ಅನ್ನಿಸಲಿಲ್ಲ. ಅಪ್ಪನಿಗೂ ಶುಗರ್ ಇದೆ. ತಿಂಡಿ ತಿಂದಿರಲಿಲ್ಲ. ಗೊತ್ತಾಗಿಬಿಟ್ಟಿತು.

“ಬಾಯಿ ವಾರೆ ಆಗೈತೆ ನೋಡೇ,” ಅಂದರು ಅಮ್ಮ.

“ಸುಮ್ನಿರಮ್ಮ. ದೊಡ್ಡಮ್ಮಂಗೂ ಹಿಂಗೇ ಆಗಿರ್ಲಿಲ್ವಾ?”

“ಅವಳ ಬಾಯಿ ನೆಟ್ಟಗಿತ್ತು ಕಣೇ.”

ಗ್ಲುಕೋಮೀಟರ್ 124 ತೋರಿಸಿತು. ನನ್ನ ಊಹೆ ಅಲ್ಲಿಗೇ ಮುಗಿಯಬೇಕಿತ್ತು. ಸ್ಟ್ರಿಪ್ ಹಳೆಯದಿರಬೇಕು ಅಂದುಕೊಂಡು ಸಕ್ಕರೆ ನೀರು ಕುಡಿಸಿದೆ. ಮತ್ತೆ ನೋಡಿದರೆ 150. ಈಗ ಅದೇ ಡಬ್ಬಿಯ ಸ್ಟ್ರಿಪ್ಪನ್ನು ನಂಬಿದೆ. “ನೋಡು, ಏರ್ತಾ ಇದೆ. ಸರಿಹೋಗ್ತಾರೆ.” ನನಗೆ ಒಗ್ಗಿದ ಅಂಕಿ ನಿಜ, ಒಗ್ಗದ್ದು ಸುಳ್ಳು. ವಿಜ್ಞಾನ ಓದಿದವಳು ನಾನು.

ಎಂಟೂಕಾಲಿಗೆ ಅಪ್ಪನ ಬಲಗೈ ತೊಡೆಯಿಂದ ಜಾರಿ ನೇತಾಡಿತು.

ಅಮ್ಮ ನನ್ನನ್ನು ಕೇಳಲಿಲ್ಲ. ಓಡಿಹೋಗಿ ಪಕ್ಕದ ಮನೆಯವರ ಕಾರು ಹೊರಡಿಸಿದರು.

ಹೆಬ್ಬಾಳದ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಡಾಕ್ಟರ್ ಕೇಳಿದ್ದು ಒಂದೇ. “ಯಾವಾಗ ಶುರುವಾಯ್ತು? ಸರಿಯಾದ ಟೈಮ್ ಬೇಕು. ಸ್ಟ್ರೋಕ್ ಆಗಿದ್ರೆ ಕ್ಲಾಟ್ ಕರಗಿಸೋ ಇಂಜೆಕ್ಷನ್ ನಾಲ್ಕೂವರೆ ಗಂಟೆ ಒಳಗೆ ಕೊಡ್ಬೇಕು. ತಡ ಆದಷ್ಟೂ ಕಷ್ಟ.”

“ಏಳೂವರೆ,” ಅಂದೆ, ಖಚಿತವಾಗಿ. ನಾನು ನೋಡಿದ್ದು ಆಗ. ಆದ್ದರಿಂದ ಶುರುವಾಗಿದ್ದೂ ಆಗಲೇ.

“ಇಲ್ಲ ಸಾರ್, ಆರೂವರೆ,” ಅಂದರು ಅಮ್ಮ. “ಹಾಲು ತಂದಿಟ್ಟೆ. ಬಟ್ಟೆಗೆ ಗುರುತು ಹಾಕ್ತಿದ್ರು, ಕೈಯಿಂದ ಸೀಮೆಸುಣ್ಣ ಬಿತ್ತು. ಎತ್ಕೊಳ್ಳಕ್ಕೆ ಹೋಗಿ ಎರಡು ಸಲ ತಪ್ತು. ಅದಕ್ಕೆ ಮುಂಚೆ ಚೆನ್ನಾಗೇ ಇದ್ರು.”

ಡಾಕ್ಟರ್ ಅಮ್ಮನ ಟೈಮ್ ಬರೆದುಕೊಂಡರು. ಸಿ.ಟಿ. ಸ್ಕ್ಯಾನ್ ಆಯಿತು. ರಕ್ತಸ್ರಾವ ಇರಲಿಲ್ಲ. ರಕ್ತ ಹೆಪ್ಪುಗಟ್ಟಿ ಆದ ಸ್ಟ್ರೋಕೇ. ಹತ್ತು ಗಂಟೆಗೆ ಇಂಜೆಕ್ಷನ್ ಹೋಯಿತು.

ಸಕ್ಕರೆ ನೀರಿನ ವಿಷಯ, ದೊಡ್ಡಮ್ಮನ ಕತೆ ಎರಡನ್ನೂ ನಾನೇ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ.

“ಬಾಯಿ ವಾರೆ ಆದವರಿಗೆ ಏನೂ ಕುಡಿಸ್ಬೇಡಿ, ಶ್ವಾಸಕೋಶಕ್ಕೆ ಹೋಗತ್ತೆ,” ಅಂದರು. ಆಮೇಲೆ, “ಹೋದ್ಸಲ ನೀವು ಸರಿಯಾಗಿ ಹೇಳಿದ್ರಲ್ಲ, ಅದೇ ತೊಂದ್ರೆ. ನಮಗೂ ಆಗತ್ತೆ. ಅದಕ್ಕೇ ಲಿಸ್ಟ್ ಇಟ್ಕೊಂಡು ಒಂದೊಂದೇ ಟಿಕ್ ಹಾಕ್ತೀವಿ, ಎಷ್ಟೇ ಗೊತ್ತಿದೆ ಅನ್ನಿಸಿದ್ರೂ.”

ಐ.ಸಿ.ಯು. ಹೊರಗೆ ಸ್ಟೀಲ್ ಕುರ್ಚಿಯಲ್ಲಿ ಕೂರಲಾಗದೆ, ನಿಲ್ಲಲಾಗದೆ ಇದ್ದಾಗ ಅಪ್ಪನ ಒಂದು ಅಭ್ಯಾಸ ನೆನಪಾಯಿತು. ಇಪ್ಪತ್ತು ವರ್ಷದಷ್ಟು ಹಳೇ ಗಿರಾಕಿ ಬಂದರೂ ಅಪ್ಪ ಪ್ರತಿ ಸಲ ಟೇಪ್ ಹಿಡಿಯುತ್ತಿದ್ದರು. “ನನ್ ಅಳತೆ ಇನ್ನೂ ಬಾಯಿಪಾಠ ಆಗಿಲ್ವೇನಣ್ಣ?” ಅಂತ ರೇಗಿಸಿದರೆ, “ಆಗೈತೆ ಕಣಪ್ಪ, ಅದಕ್ಕೇ ಭಯ,” ಅನ್ನುತ್ತಿದ್ದರು. ಅವರ ಅತಿಜಾಗ್ರತೆ ಅಂತ ನಗುತ್ತಿದ್ದೆ. ಆ ಮನುಷ್ಯನಿಗೇ ನಾನು ದೊಡ್ಡಮ್ಮನ ಅಳತೆಯಲ್ಲಿ ಕತ್ತರಿ ಹಾಕಿದ್ದೆ.

ಮೂರು ತಿಂಗಳಾಯಿತು. ಮಾತು ಬಂದಿದೆ. ನಡೆಯುತ್ತಾರೆ. ಫಿಸಿಯೋಥೆರಪಿ ನಡೆದಿದೆ, ಆದರೆ ಬಲಗೈಯಲ್ಲಿ ಎರಡು ಬೆರಳು ಇನ್ನೂ ಹೇಳಿದ ಮಾತು ಕೇಳುವುದಿಲ್ಲ. ನಾನು ಹಾಳುಮಾಡಿದ ಮುಕ್ಕಾಲು ಗಂಟೆಗೆ ಆ ಎರಡು ಬೆರಳೇ ಬೆಲೆಯಾ? ಕೇಳಿದೆ. ಹೇಳಕ್ಕಾಗಲ್ಲಮ್ಮ, ಅಂದರು ಡಾಕ್ಟರ್.

ನನ್ನ ಮನಸ್ಸು ಮಾತ್ರ ಇನ್ನೊಂದು ಕಡೆಗೆ ವಾಲಿದೆ. ಅಪ್ಪ ಆಕಳಿಸಿದರೆ ಬಾಯಿ ನೋಡುತ್ತೇನೆ. ಲೋಟ ಇಟ್ಟ ಸದ್ದಾದರೆ ಬೆಚ್ಚುತ್ತೇನೆ. ಹೋದ ವಾರ ಎಡಗೈ ಜೋಮು ಅಂದರು. ಎಮರ್ಜೆನ್ಸಿಗೆ ಓಡಿಸಿಕೊಂಡು ಹೋದೆ. ಕೈ ಮೇಲೆ ಮಲಗಿದ್ದರಂತೆ. ಅವತ್ತು ಎಲ್ಲವೂ ಲೋ ಶುಗರ್, ಇವತ್ತು ಎಲ್ಲವೂ ಸ್ಟ್ರೋಕ್. ಆದರೂ ಹೋಗಿದ್ದು ತಪ್ಪಲ್ಲ. ಈಗ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೇನೆ: ಮುಖ, ಕೈ, ಮಾತು, ಟೈಮ್. ಕೆಳಗೆ: ಅಮ್ಮನನ್ನು ಕೇಳು.

ನಿನ್ನೆ ಅಪ್ಪ ಹಳೇ ಪೇಪರಿನ ಮೇಲೆ ಗೆರೆ ಹಾಕಿ, ಮೊದಲ ಸಲ ಕತ್ತರಿ ಹಿಡಿದರು. ಬೆವರುತ್ತಾ ಒಂದು ಮೊಳ ಕತ್ತರಿಸಿದರು.

“ನೆಟ್ಟಗೈತಾ?”

ಕಣ್ಣಿಗೆ ನೆಟ್ಟಗೇ ಇತ್ತು. ಹೌದು ಅನ್ನಲು ಬಾಯಿ ತೆರೆದಿದ್ದೆ. ತಡೆದುಕೊಂಡು ಟೇಪ್ ತೆಗೆದೆ.

“ಕೊನೇಲಿ ಅರ್ಧ ಇಂಚು ವಾರೆ ಹೋಗಿದೆ ಅಪ್ಪ.”

ಇನ್ನೂ ಸ್ವಲ್ಪ ವಾರೆಯಿರುವ ಬಾಯಲ್ಲೇ ನಕ್ಕರು. “ಸದ್ಯ, ಅಳೆದ್ಯಲ್ಲ,” ಅಂದು ಇನ್ನೊಂದು ಪೇಪರ್ ಎಳೆದುಕೊಂಡರು.